ಭೀಮನ ಗದೆಯೂ ದ್ರೌಪದಿಯ ಮುಡಿಯೂ

ಸುಗ್ಗಿ ಮುಗಿದು ಕಣ ಬರಿದಾಯಿತೆಂದರೆ ಕುಣಿಗಲ್ ಸೀಮೆಯ ಹಳ್ಳಿಗಳಲ್ಲಿ ಹಾರ್ಮೋನಿಯಂ ಪೆಟ್ಟಿಗೆಯ ನಾದ ಕೇಳಬರುತ್ತದೆ. ರಾತ್ರಿಯ ಊಟವಾದ ಮೇಲೆ ದೇವಸ್ಥಾನದ ಜಗಲಿಯ ಮೇಲೋ ಶಾಲೆಯ ಕೊಠಡಿಯೊಳಗೋ ಊರಿನ ಗಂಡಸರು ಒಟ್ಟುಗೂಡುತ್ತಾರೆ. ರಾಗಿ ಬೆಳೆಯುವವರು, ತೆಂಗಿನ ತೋಟದವರು, ಬಸ್ಸಿನ ಕಂಡಕ್ಟರು, ಪಂಚಾಯಿತಿಯ ನೀರುಗಂಟಿ, ಬೆಂಗಳೂರಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದು ಶನಿವಾರ ಸಂಜೆ ಊರಿಗೆ ಬರುವ ಯುವಕರು, ಎಲ್ಲರೂ ಎರಡು ಮೂರು ತಿಂಗಳು ಮೇಷ್ಟ್ರ ಮುಂದೆ ಕುಳಿತು ಕಂದಪದ್ಯಗಳನ್ನು ರಾಗವಾಗಿ ಹಾಡುವುದನ್ನೂ, ಕೈಯೆತ್ತಿ ಮಾತಾಡುವುದನ್ನೂ, ಹೆಜ್ಜೆಯರಿತು ರಂಗಕ್ಕೆ ಬರುವುದನ್ನೂ ಕಲಿಯುತ್ತಾರೆ. ಕೊನೆಗೊಂದು ದಿನ ಬಾಡಿಗೆಯ ಪರದೆಗಳೂ ಬಾಡಿಗೆಯ ಕಿರೀಟಗಳೂ ಲಾರಿಯಲ್ಲಿ ಬಂದಿಳಿಯುತ್ತವೆ. ಆ ರಾತ್ರಿ ಊರೊಳಗೆ ಹಸ್ತಿನಾವತಿ ಎದ್ದು ನಿಲ್ಲುತ್ತದೆ. ಕೋಳಿ ಕೂಗುವ ವೇಳೆಗೆ ದುರ್ಯೋಧನನು ತೊಡೆ ಮುರಿದುಕೊಂಡು ಬಿದ್ದಿರುತ್ತಾನೆ.

ಆಡುವ ನಾಟಕ ಬಹುಮಟ್ಟಿಗೆ ‘ಕುರುಕ್ಷೇತ್ರ’ವೇ. ರಾಮಾಯಣದ ನಾಟಕಗಳೂ ಶನಿಮಹಾತ್ಮೆಯೂ ಉಂಟು. ಆದರೆ ಗದೆ, ಬಿಲ್ಲು, ಮೀಸೆ, ತೊಡೆತಟ್ಟುವಿಕೆಗಳಿಗೆ ಕುರುಕ್ಷೇತ್ರದಲ್ಲಿರುವಷ್ಟು ಅವಕಾಶ ಬೇರೆಡೆಯಲ್ಲಿ ದೊರೆಯದು. ಇಂಥ ನಾಟಕಗಳು ಹಳ್ಳಿಗಳಿಗಷ್ಟೇ ಸೀಮಿತವಾಗಿಲ್ಲ. ತುಮಕೂರು ನಗರದಲ್ಲಿ ಗುಬ್ಬಿ ವೀರಣ್ಣನವರ ಹೆಸರನ್ನು ಹೊತ್ತ ಕಲಾಕ್ಷೇತ್ರದಲ್ಲಿಯೂ ಪೌರಾಣಿಕ ನಾಟಕಗಳು ನಡೆಯುತ್ತವೆ. ಸುತ್ತಲ ತಾಲ್ಲೂಕುಗಳಿಂದ ಭೀಮಾರ್ಜುನರು ತಮ್ಮ ನೆಂಟರಿಷ್ಟರೊಡನೆ ಅಲ್ಲಿಗೆ ಬಂದಿಳಿಯುತ್ತಾರೆ.

ಈ ನಾಟಕದ ಅರ್ಥಶಾಸ್ತ್ರ ವಿಚಿತ್ರವಾದುದು. ಇಲ್ಲಿ ಟಿಕೆಟ್ಟಿಲ್ಲ, ಕಂಪೆನಿಯ ಮಾಲೀಕನಿಲ್ಲ. ಖರ್ಚೆಲ್ಲವನ್ನೂ ಪಾತ್ರಧಾರಿಗಳೇ ಹೊರಬೇಕು. ಅದೂ ಸಮಪಾಲಾಗಿ ಅಲ್ಲ, ಪಾತ್ರದ ತೂಕಕ್ಕೆ ತಕ್ಕಂತೆ. ಶ್ರೀಕೃಷ್ಣ, ದುರ್ಯೋಧನ, ಭೀಮ, ಕರ್ಣ ಇವರು ದುಬಾರಿಯವರು. ವಿದುರ, ಸಾತ್ಯಕಿಯಂಥವರು ಅಗ್ಗ. ಆಸೆಪಡುವವರ ಸಂಖ್ಯೆ ಹೆಚ್ಚಾದರೆ ಕೃಷ್ಣನನ್ನೇ ಇಬ್ಬರು ಮೂವರಿಗೆ ಹಂಚುವುದುಂಟು. ಸಂಧಾನಕ್ಕೆ ಹೋದ ಕೃಷ್ಣ ಒಬ್ಬ, ರಥ ಹೊಡೆದ ಕೃಷ್ಣ ಮತ್ತೊಬ್ಬ. ಪ್ರೇಕ್ಷಕರಿಗೆ ಇದರಿಂದ ಯಾವ ತೊಂದರೆಯೂ ಇಲ್ಲ. ಹತ್ತು ಅವತಾರಗಳಿಗೆ ಒಗ್ಗಿಕೊಂಡ ಜನ. ದುರ್ಯೋಧನನ ಪಾತ್ರಕ್ಕಾಗಿ ಎಮ್ಮೆ ಮಾರಿದವರ, ಸಾಲ ಮಾಡಿದವರ ಕಥೆಗಳು ಹಳೆಯ ಮೈಸೂರು ಸೀಮೆಯಲ್ಲಿ ನಗೆಯೊಡನೆ ಹೇಳಲ್ಪಡುತ್ತವೆ. ನಗೆಯ ಅಡಿಯಲ್ಲಿ ಸ್ವಲ್ಪ ಗೌರವವೂ ಇರುತ್ತದೆ. ವರ್ಷವಿಡೀ ಯಾರ ಯಾರ ಮುಂದೆಯೋ ತಲೆ ಬಾಗಿಸಿದವನು ಒಂದು ರಾತ್ರಿ ಛಲದಂಕಮಲ್ಲನಾಗಿ ಸಿಂಹಾಸನದ ಮೇಲೆ ಕುಳಿತುಕೊಳ್ಳುವ ಆಸೆಯನ್ನು ಹಳಿಯುವುದಾದರೂ ಹೇಗೆ?

ಆದರೆ ಈ ಬೆಲೆಪಟ್ಟಿಯಲ್ಲಿ ದ್ರೌಪದಿ ಇಲ್ಲ. ಕುಂತಿ, ಗಾಂಧಾರಿ, ಭಾನುಮತಿ, ಉತ್ತರೆ, ರುಕ್ಮಿಣಿಯರೂ ಇಲ್ಲ. ಅವರನ್ನು ಊರಿನಲ್ಲಿ ಯಾರೂ ಕೊಳ್ಳುವುದಿಲ್ಲ. ಹೊರಗಿನಿಂದ ಸಂಬಳ ಕೊಟ್ಟು ಕರೆತರುತ್ತಾರೆ. ಭೀಮನು ಹಣ ತೆತ್ತು ಗದೆ ಹಿಡಿಯುತ್ತಾನೆ. ದ್ರೌಪದಿ ಹಣ ಪಡೆದು ಮುಡಿ ಬಿಚ್ಚುತ್ತಾಳೆ. ಈ ವ್ಯತ್ಯಾಸವು ಲೆಕ್ಕದ ಪುಸ್ತಕದಲ್ಲಿ ಒಂದು ಸಾಲಿನಷ್ಟೇ ಇದ್ದರೂ, ವೇಷದ ಲೋಕದಲ್ಲಿ ಹೆಣ್ಣಿಗೆ ಯಾವ ಸ್ಥಾನವಿದೆಯೆಂಬ ಪ್ರಶ್ನೆಯೆಲ್ಲವೂ ಅದರೊಳಗೆ ಅಡಗಿದೆ.

ನಾಟಕದ ಕರಪತ್ರವನ್ನು ನೋಡಿದರೂ ಇದು ತಿಳಿಯುತ್ತದೆ. ಗಂಡಸರ ಹೆಸರುಗಳು ಒಂದೊಂದು ಪಾತ್ರಕ್ಕೆ ಎದುರಾಗಿ, ಊರು ಉದ್ಯೋಗಗಳ ಸಹಿತ, ಭಾವಚಿತ್ರಗಳೊಡನೆ ಅಚ್ಚಾಗಿರುತ್ತವೆ. ಕೆಳಗೆ ‘ಸ್ತ್ರೀಪಾತ್ರಗಳಲ್ಲಿ’ ಎಂಬ ಒಂದು ತಲೆಬರಹ. ಅದರಡಿ ನಾಲ್ಕೈದು ಹೆಸರು. ಯಾರು ಕುಂತಿ, ಯಾರು ಉತ್ತರೆ ಎಂಬುದನ್ನು ಎಷ್ಟೋ ಸಲ ಓದುಗನೇ ಊಹಿಸಿಕೊಳ್ಳಬೇಕು.

ಅಂದು ರಾತ್ರಿ ರಂಗದ ಮೇಲೆ ನಡೆಯುವುದು ಮಾತ್ರ ಬೇರೆಯೇ. ಭೀಮನಿಗೆ ಅದು ಜೀವಮಾನದಲ್ಲಿ ಮೊದಲನೆಯ ವೇಷವಾಗಿದ್ದರೆ, ದ್ರೌಪದಿಗೆ ಆ ಸುಗ್ಗಿಯಲ್ಲಿಯೇ ಎಷ್ಟನೆಯದೋ. ಊರಿಂದೂರಿಗೆ ಅವಳ ಭೀಮರು ಬದಲಾಗುತ್ತಾರೆ, ಮೇಷ್ಟ್ರು ಬದಲಾಗುತ್ತಾರೆ, ಹಾಡಿನ ಮಟ್ಟುಗಳು ಬದಲಾಗುತ್ತವೆ. ಪೂರ್ವಾಭ್ಯಾಸಕ್ಕೆ ಅವಳಿಗೆ ದೊರೆಯುವುದು ಒಂದೋ ಎರಡೋ ದಿನ. ಎದುರು ನಿಂತ ಭೀಮನು ಮಾತು ಮರೆತರೆ ಅದನ್ನು ತನ್ನ ಮಾತಿನೊಳಗೆ ಹೆಣೆದು ಅವನ ಬಾಯಿಗೆ ಕೊಡುವವಳು ಅವಳು. ಅವನ ಶ್ರುತಿ ಜಾರಿದರೆ ಎತ್ತಿ ಹಿಡಿಯುವವಳು ಅವಳು. ಅವನ ಬಾವಮೈದುನರು ನಡುರಂಗಕ್ಕೆ ಬಂದು ಹಾರ ಹಾಕಿ, ನೋಟು ಚುಚ್ಚಿ, ಭಾವಚಿತ್ರ ತೆಗೆಸಿಕೊಳ್ಳುವವರೆಗೆ ಶೋಕದ ಭಂಗಿಯಲ್ಲಿಯೇ ಅಲ್ಲಾಡದೆ ನಿಂತಿರುವವಳೂ ಅವಳೇ. ವಸ್ತ್ರಾಪಹರಣದ ದೃಶ್ಯದಲ್ಲಿ ಪಳಗದ ದುಶ್ಶಾಸನನ ಕೈಗೆ ತನ್ನ ಸೆರಗನ್ನು ಒಪ್ಪಿಸಬೇಕು. ಅವನು ಎಷ್ಟು ಜೋರಾಗಿ ಎಳೆದಾನು, ಎಲ್ಲಿಗೆ ನಿಲ್ಲಿಸಿಯಾನು ಎಂಬ ಅಳುಕು ಯಾವ ನಟಿಗಾದರೂ ಸಹಜ. ಅನುಭವಿಗಳಾದ ನಟಿಯರು ಮೊದಲೇ ಪಿನ್ನು ಹಾಕಿಕೊಳ್ಳುತ್ತಾರೆ. ಎಳೆಯುವವನಿಗೆ ಎಳೆಯುವ ಬಗೆಯನ್ನೂ ತಾವೇ ಹೇಳಿಕೊಡುತ್ತಾರೆ. ಬೆಳಗಾದ ಮೇಲೆ ಊರಿನವರು ಹೊಗಳುವುದು ಭೀಮನನ್ನು.

ಆ ಊರಿನ ಹೆಣ್ಣುಮಕ್ಕಳು ಚಾಪೆ ಹಾಸಿಕೊಂಡು ಮುಂದಿನ ಸಾಲಿನಲ್ಲಿಯೇ ಕುಳಿತಿರುತ್ತಾರೆ. ಕುರುಕ್ಷೇತ್ರದ ಮಾತುಗಳು ಅವರಲ್ಲಿ ಎಷ್ಟೋ ಮಂದಿಗೆ ಬಾಯಿಪಾಠ. ತಮ್ಮ ಮಗಳು ರಂಗವೇರಬೇಕೆಂದರೆ ಮಾತ್ರ ಮನೆಯವರ ಮುಖ ಸಪ್ಪಗಾಗುತ್ತದೆ. ‘ನಾಟಕದವಳು’ ಎಂಬ ಮಾತು ಕನ್ನಡದಲ್ಲಿ ಬರಿಯ ವೃತ್ತಿಸೂಚಕವಾಗಿ ಉಳಿಯಲಿಲ್ಲ. ಅದು ಬೈಗುಳವೂ ಆಯಿತು. ‘ನಾಟಕದವನು’ ಎಂಬುದಕ್ಕೆ ಆ ಕಹಿ ಅಂಟಿಕೊಂಡಿಲ್ಲವೆಂಬುದು ಗಮನಿಸತಕ್ಕ ಸಂಗತಿ.

ಗುಬ್ಬಿಯ ರಂಗ

ಈ ವೇಷದ ಹುಚ್ಚಿಗೆ ತುಮಕೂರು ಜಿಲ್ಲೆಯೇ ತವರೆಂದರೆ ತಪ್ಪಾಗದು. ಮೂಡಲಪಾಯದ ಬಯಲಾಟ ಈ ಸೀಮೆಯಲ್ಲಿ ಬಹು ಹಿಂದಿನಿಂದ ಬಂದುದು. ಅದರಲ್ಲಿ ರಾಣಿಯೂ ಗಂಡಸೇ, ದಾಸಿಯೂ ಗಂಡಸೇ. ಅನಂತರ 1884ರಲ್ಲಿ, ತುಮಕೂರಿನಿಂದ ಸುಮಾರು 20 ಕಿಲೋಮೀಟರ್ ದೂರದ ಗುಬ್ಬಿಯಲ್ಲಿ, ಚಂದಣ್ಣ, ಅಬ್ದುಲ್ ಅಜೀಜ್ ಸಾಹೇಬ್ ಮೊದಲಾದ ಉತ್ಸಾಹಿಗಳು ಸೇರಿ ಒಂದು ನಾಟಕ ಮಂಡಳಿಯನ್ನು ಕಟ್ಟಿದರು. ಊರ ದೇವರ ಹೆಸರನ್ನಿಟ್ಟುಕೊಂಡು ಅದು ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘವಾಯಿತು. ಜನರ ಬಾಯಲ್ಲಿ ಬರಿಯ ‘ಗುಬ್ಬಿ ಕಂಪೆನಿ’. 1891ರಲ್ಲಿ ಹುಟ್ಟಿದ ವೀರಣ್ಣನವರು ಬಾಲಕನಾಗಿದ್ದಾಗಲೇ ಈ ಕಂಪೆನಿಯನ್ನು ಸೇರಿ, 1917ರಲ್ಲಿ ಅದರ ಒಡೆತನವನ್ನು ವಹಿಸಿಕೊಂಡರು. ಮುಂದಿನದು ಕರ್ನಾಟಕಕ್ಕೆಲ್ಲ ತಿಳಿದ ಕಥೆ. 1934ರ ‘ಕುರುಕ್ಷೇತ್ರ’ದಲ್ಲಿ ಆನೆ ಕುದುರೆಗಳನ್ನೇ ರಂಗಕ್ಕೆ ತಂದ ಸಾಹಸವನ್ನು ಅಜ್ಜಂದಿರು ಮೊಮ್ಮಕ್ಕಳಿಗೆ ಹೇಳಿದ್ದಾರೆ. ಇಂದು ಹಳ್ಳಿಯ ಜಗಲಿಯಲ್ಲಿ ನಡೆಯುವ ಕುರುಕ್ಷೇತ್ರವು ಆ ವೈಭವದ ದೂರದ ನೆರಳು.

ಕಂಪೆನಿ ನಾಟಕಗಳ ಮೊದಲ ದಿನಗಳಲ್ಲಿ ಸ್ತ್ರೀವೇಷವೆಂಬುದು ಗಂಡಸರ ವಿದ್ಯೆಯೇ ಆಗಿದ್ದಿತು. ದನಿಯೊಡೆಯದ ಹುಡುಗರನ್ನು ಆರಿಸಿ, ಸೀರೆಯುಡಿಸಿ, ನಡಿಗೆ ಕಲಿಸಿ ಶಕುಂತಲೆಯರನ್ನಾಗಿ ಮಾಡುತ್ತಿದ್ದರು. ಮುಂದೆ ಕನ್ನಡ ಚಿತ್ರರಂಗದ ಹಿರಿಯರೆನಿಸಿದ ಆರ್. ನಾಗೇಂದ್ರರಾಯರು ಕೂಡ ರಂಗಭೂಮಿಗೆ ಕಾಲಿಟ್ಟುದು ಬಾಲ್ಯದ ಸ್ತ್ರೀಪಾತ್ರಗಳಿಂದಲೇ. ಮರಾಠಿ ರಂಗಭೂಮಿಯ ಬಾಲಗಂಧರ್ವರ ಸೀರೆಯ ನೆರಿಗೆಯನ್ನೂ ಹೂ ಮುಡಿಯುವ ಬಗೆಯನ್ನೂ ಪುಣೆ ಮುಂಬಯಿಗಳ ಗೃಹಿಣಿಯರು ಅನುಕರಿಸುತ್ತಿದ್ದರೆಂಬುದು ಪ್ರಸಿದ್ಧವಾಗಿದೆ. ಹೆಣ್ಣು ಹೇಗಿರಬೇಕೆಂಬುದನ್ನು ಹೆಣ್ಣು ಗಂಡಸಿನಿಂದ ಕಲಿತ ಕಾಲವದು! ಇನ್ನು ಗುಬ್ಬಿ ಕಂಪೆನಿಗೆ ಅಪಾರ ಕೀರ್ತಿ ತಂದ, ವೀರಣ್ಣನವರು ಕಳ್ಳನಾಗಿ ಜನರನ್ನು ನಗೆಗಡಲಲ್ಲಿ ಮುಳುಗಿಸುತ್ತಿದ್ದ ‘ಸದಾರಮೆ’ಯ ಕಥೆಯನ್ನು ನೋಡಿ. ಅದರಲ್ಲಿ ನಾಯಿಕೆ ಆಪತ್ತಿನಿಂದ ಪಾರಾಗಲು ಗಂಡುವೇಷ ಧರಿಸುತ್ತಾಳೆ. ಸ್ತ್ರೀಪಾತ್ರವನ್ನು ಪುರುಷನೇ ವಹಿಸುತ್ತಿದ್ದಾಗ ಅಂಥ ದೃಶ್ಯದಲ್ಲಿ ಗಂಡಸು ಹೆಂಗಸಾಗಿ, ಆ ಹೆಂಗಸು ಮತ್ತೆ ಗಂಡಸಾಗಿ ನಿಲ್ಲಬೇಕಾಗಿದ್ದಿತು.

ಲೋಕದ ಇತರ ರಂಗಭೂಮಿಗಳ ಚರಿತ್ರೆಯೂ ಇದಕ್ಕಿಂತ ಬಹಳ ಭಿನ್ನವಾಗಿಲ್ಲ. ಇಂಗ್ಲೆಂಡಿನ ವೃತ್ತಿರಂಗಕ್ಕೆ ನಟಿಯರು ಬಂದುದು 1660ರ ಅನಂತರ. ಷೇಕ್ಸ್‌ಪಿಯರನ ಕಾಲದ ನಾಯಿಕೆಯರೆಲ್ಲ ಹುಡುಗರು. ಜಪಾನಿನಲ್ಲಂತೂ ಕಬೂಕಿ ನಾಟಕವನ್ನು 1603ರ ಸುಮಾರಿಗೆ ಆರಂಭಿಸಿದವಳೇ ಒಕುನಿ ಎಂಬ ಹೆಂಗಸು. 1629ರಲ್ಲಿ ಸರ್ಕಾರವು ಹೆಂಗಸರನ್ನು ಆ ರಂಗದಿಂದ ನಿಷೇಧಿಸಿತು. ಕಟ್ಟಿದವಳ ಮನೆಯಿಂದಲೇ ಅವಳನ್ನು ಹೊರಗಟ್ಟಿದಂತಾಯಿತು.

ಹಳೆಯ ಮೈಸೂರಿನಲ್ಲಿ ಸ್ತ್ರೀಪಾತ್ರಗಳಿಗೆ ಸ್ತ್ರೀಯರನ್ನೇ ತಂದ ಮೊದಲಿಗರಲ್ಲಿ ವೀರಣ್ಣನವರೊಬ್ಬರು. ಅದು ಸುಲಭದ ಕೆಲಸವಾಗಿರಲಿಲ್ಲ. ಗೃಹಸ್ಥರ ಮನೆಯ ಹೆಣ್ಣು ಮುಖಕ್ಕೆ ಬಣ್ಣ ಹಚ್ಚುವಂತಿರಲಿಲ್ಲ. ಹಚ್ಚಿದವಳನ್ನು ಗೃಹಸ್ಥರು ಮನೆಗೆ ಸೇರಿಸುವಂತಿರಲಿಲ್ಲ. ಕಂಪೆನಿಯೇ ಒಂದು ದೊಡ್ಡ ಸಂಸಾರದಂತೆ ಊರೂರು ಸುತ್ತುತ್ತಿದ್ದುದರಿಂದ ನಟಿಯರಿಗೆ ಅದರೊಳಗೊಂದು ಆಸರೆ ದೊರೆಯಿತು. ವೀರಣ್ಣನವರ ಪತ್ನಿಯರಾದ ಸುಂದರಮ್ಮ, ಜಯಮ್ಮನವರೂ ಮಗಳು ಮಾಲತಮ್ಮನವರೂ ಆ ರಂಗದ ಮೇಲೆಯೇ ಬಾಳಿದವರು. 1915ರಲ್ಲಿ ಹುಟ್ಟಿದ ಬಿ. ಜಯಮ್ಮನವರ ಹಾಡುಗಾರಿಕೆಗೂ ಅಭಿನಯಕ್ಕೂ ಮಾರುಹೋಗದವರಿರಲಿಲ್ಲ. ಹೆಸರಾಂತ ನಟಿಯನ್ನು ನೋಡಲೆಂದೇ ಜನ ಟಿಕೆಟ್ಟು ಕೊಳ್ಳತೊಡಗಿದ ಮೇಲೆ ಸ್ತ್ರೀವೇಷದ ಗಂಡಸರ ಕಾಲ ತಾನಾಗಿಯೇ ಹಿಂದೆ ಸರಿಯಿತು.

ಇಲ್ಲೊಂದು ಮಾತು. ಹೆಣ್ಣು ರಂಗಕ್ಕೆ ಬಂದಳು, ನಿಜ. ಯಾವ ಪಾತ್ರಕ್ಕೆ ಬಂದಳು? ಸತಿಯಾಗಿ, ಸೊಸೆಯಾಗಿ, ವಿರಹಿಯಾಗಿ, ಶೀಲದ ಪರೀಕ್ಷೆಗೆ ಒಳಗಾದವಳಾಗಿ. ಜಯಮ್ಮನವರಿಗೆ ಬೆಳ್ಳಿತೆರೆಯ ಮೇಲೆ ದೊಡ್ಡ ಹೆಸರು ತಂದ 1945ರ ‘ಹೇಮರೆಡ್ಡಿ ಮಲ್ಲಮ್ಮ’ನ ಕಥೆಯಾದರೂ ಅತ್ತೆಮನೆಯ ಕಷ್ಟಗಳನ್ನು ಸಹಿಸಿದ ಶಿವಭಕ್ತೆಯದು. ರಂಗವನ್ನು ನಡುಗಿಸುವ ಪಾತ್ರಗಳು ಬೇರೆಯವರಿಗೆ ಮೀಸಲಾಗಿದ್ದವು. ಹಿರಣ್ಯಕಶಿಪು, ಕಂಸ, ರಾವಣರೆಂದರೆ ಅದೇ ಕಂಪೆನಿಯ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು, ಅರ್ಥಾತ್ ರಾಜ್‌ಕುಮಾರರ ತಂದೆಯವರು. ಗಂಡಸು ಸೀತೆಯಾದಾಗ ಯಾರಿಗೂ ಅಸಂಗತವೆನಿಸಲಿಲ್ಲ. ಹೆಂಗಸು ರಾವಣನಾಗಬಹುದೆಂಬ ಯೋಚನೆ ಮಾತ್ರ ಬಹು ದಿನ ಯಾರಿಗೂ ಹೊಳೆಯಲಿಲ್ಲ.

ಮೇಜಿನ ಸುತ್ತಲ ಕುರುಕ್ಷೇತ್ರ

ಪಾತ್ರಕ್ಕೆ ಬೆಲೆ ಕಟ್ಟುವ ಈ ಪದ್ಧತಿ ನಮ್ಮ ಹಳ್ಳಿಗಳಲ್ಲಿ ಮಾತ್ರವೇ ಇದೆಯೆಂದು ಭಾವಿಸಬೇಕಾಗಿಲ್ಲ. ಅಮೆರಿಕೆಯಲ್ಲಿ 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವನ್ನು ಪ್ರಕಟಿಸಿದರು. ಇಂದು ಬೆಂಗಳೂರಿನ ಯುವಜನರೂ ಇದನ್ನು ಆಡುತ್ತಾರೆ. ಇದಕ್ಕೆ ರಂಗವಿಲ್ಲ, ಬಣ್ಣವಿಲ್ಲ, ಕಿರೀಟವಿಲ್ಲ. ನಾಲ್ಕೈದು ಮಂದಿ ಮೇಜಿನ ಸುತ್ತ ಕುಳಿತು, ತಾವು ಖಡ್ಗಧಾರಿಯೆಂದೋ ಮಾಂತ್ರಿಕನೆಂದೋ ಕಲ್ಪಿಸಿಕೊಂಡು, ರಾಕ್ಷಸರ ಗುಹೆಗಳನ್ನು ಮಾತಿನಲ್ಲಿಯೇ ಹೊಕ್ಕು ಬರುತ್ತಾರೆ. ಕಥೆಯನ್ನು ನಡೆಸುವವನೊಬ್ಬನಿರುತ್ತಾನೆ, ನಮ್ಮ ನಾಟಕದ ಮೇಷ್ಟ್ರಂತೆ ಅವನನ್ನೂ ‘ಮಾಸ್ಟರ್’ ಎಂದೇ ಕರೆಯುತ್ತಾರೆ. ಹೊಡೆತ ತಗುಲಿತೋ ತಪ್ಪಿತೋ ಎಂಬುದನ್ನು ದಾಳ ಉರುಳಿಸಿ ನಿರ್ಣಯಿಸುತ್ತಾರೆ. ದಾಳದಿಂದ ಯುದ್ಧ ಹುಟ್ಟುವುದು ಭಾರತೀಯರಿಗೆ ಹೊಸತಲ್ಲ.

ಪ್ರತಿಯೊಂದು ಪಾತ್ರಕ್ಕೂ ಬಲ, ಬುದ್ಧಿ, ಚಾತುರ್ಯ, ವ್ಯಕ್ತಿತ್ವದ ಆಕರ್ಷಣೆ ಮುಂತಾದ ಗುಣಗಳನ್ನು ಅಂಕಿಗಳಲ್ಲಿ ಅಳೆದಿಡುವುದು ಈ ಆಟದ ವಿಶೇಷ. ಮೂರು ದಾಳಗಳನ್ನು ಎಸೆದರೆ ಕನಿಷ್ಠ 3, ಗರಿಷ್ಠ 18. ಅಳತೆಗೋಲು ಕೈಗೆ ಬಂದೊಡನೆ ಹೆಣ್ಣನ್ನು ಅಳೆಯುವ ಉತ್ಸಾಹ ಕೆಲವರಿಗೆ ಹುಟ್ಟಿತು. 1976ರಲ್ಲಿ ಈ ಆಟದ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಲೇಖನವು, ಸ್ತ್ರೀಪಾತ್ರಗಳಿಗೆ ವ್ಯಕ್ತಿತ್ವದ ಆಕರ್ಷಣೆಯ ಬದಲು ‘ಸೌಂದರ್ಯ’ವೆಂಬ ಅಂಕವನ್ನಿಡಬೇಕೆಂದು ಸೂಚಿಸಿತು. 1978ರ ಆಟಗಾರರ ಕೈಪಿಡಿಯಂತೂ ಇದಕ್ಕಿಂತ ನೇರ. ಬಲದಲ್ಲಿ 18ನ್ನು ಪಡೆದ ಯೋಧನಿಗೆ ಅದರ ಮೇಲೆ ಮತ್ತೆ ನೂರು ಮೆಟ್ಟಿಲುಗಳನ್ನು ಅದು ಕಲ್ಪಿಸಿತು. ಮಾನವ ಪುರುಷನು ನೂರನ್ನೂ ಏರಬಹುದು. ಮಾನವ ಸ್ತ್ರೀಯು ಐವತ್ತರಲ್ಲಿಯೇ ನಿಲ್ಲತಕ್ಕದ್ದು. ಬರಿಗೈಯಿಂದ ಬೆಂಕಿಯುಂಡೆಗಳನ್ನೆಸೆಯುವ ಮಾಂತ್ರಿಕರನ್ನೂ ಮಾತಾಡುವ ಘಟಸರ್ಪಗಳನ್ನೂ ನಂಬಬಲ್ಲ ಆಟಕ್ಕೆ, ಬಲಶಾಲಿಯಾದ ಹೆಂಗಸನ್ನು ನಂಬುವುದು ಅಸಾಧ್ಯವಾಯಿತು! ಗೆದ್ದರೆ ರಾಜ್ಯವಿಲ್ಲ, ಸೋತರೆ ವನವಾಸವಿಲ್ಲ, ಬರಿಯ ಕಲ್ಪನೆ. ಆ ಕಲ್ಪನೆಯಲ್ಲಿಯೂ ಮೆಟ್ಟಿಲು ಎಣಿಸಿ ನಿಲ್ಲಿಸುವವರಿದ್ದರು.

ಆಟವನ್ನು ಪ್ರಕಟಿಸುತ್ತಿದ್ದ ಸಂಸ್ಥೆಯು 1979ರಲ್ಲಿ ಜೀನ್ ವೆಲ್ಸ್ ಎಂಬಾಕೆಯನ್ನು ಕೆಲಸಕ್ಕೆ ತೆಗೆದುಕೊಂಡಿತು. ಅದರ ರಚನಾ ವಿಭಾಗಕ್ಕೆ ಬಂದ ಮೊದಲನೆಯ ಮಹಿಳೆ ಆಕೆ. 1981ರಲ್ಲಿ ಆಕೆ ಬರೆದ ‘ಪ್ಯಾಲೇಸ್ ಆಫ್ ದಿ ಸಿಲ್ವರ್ ಪ್ರಿನ್ಸೆಸ್’ ಎಂಬ ಕಥಾಪುಸ್ತಕ ಅಚ್ಚಾಗಿ ಹೊರಬಂದೊಡನೆಯೇ ಸಂಸ್ಥೆಯು ಅದನ್ನು ಹಿಂತೆಗೆದುಕೊಂಡಿತು. ಅದೇ ವರ್ಷ ಬೇರೊಬ್ಬ ಲೇಖಕನಿಂದ ತಿದ್ದಿ ಬರೆಯಿಸಿ ಮರಳಿ ಪ್ರಕಟಿಸಿತು. ಆಕ್ಷೇಪಕ್ಕೆ ಗುರಿಯಾದ ಚಿತ್ರಗಳಲ್ಲಿ ಒಂದರಲ್ಲಿ, ತನ್ನ ಕೂದಲಿನಿಂದಲೇ ಬಂಧಿತಳಾದ ಹೆಂಗಸೊಬ್ಬಳನ್ನು ವಿಕಾರರೂಪಿ ಪುರುಷರು ಸುತ್ತುವರಿದು ಹಿಂಸಿಸುತ್ತಿದ್ದರು. ಕುಣಿಗಲ್ಲಿನ ಯಾವ ಅಜ್ಜಿಗೆ ಆ ಚಿತ್ರವನ್ನು ತೋರಿಸಿದರೂ, ಇದು ದುಶ್ಶಾಸನನ ಸಭೆಯಲ್ಲವೆ ಎಂದು ಕೇಳುತ್ತಿದ್ದಳೇನೋ.

ಬಲಕ್ಕೆ ಹಾಕಿದ ಆ ಕಟ್ಟು 1989ರ ಆವೃತ್ತಿಯಲ್ಲಿ ಮಾಯವಾಯಿತು. 2014ರ ಕೈಪಿಡಿಯು, ಪಾತ್ರ ಹೆಣ್ಣಾಗಲಿ ಗಂಡಾಗಲಿ ಅದರಿಂದ ಲಾಭವೂ ಇಲ್ಲ ನಷ್ಟವೂ ಇಲ್ಲವೆಂದು ಸ್ಪಷ್ಟಪಡಿಸಿತು. ಕಾಗದದ ಮೇಲಿನ ನಿಯಮವಾದುದರಿಂದ ಅಳಿಸುವುದು ಸಾಧ್ಯವಾಯಿತು. ಊರಿನ ಜಗಲಿಯ ಮೇಲೆ ದುರ್ಯೋಧನನಿಗೆ ಇಷ್ಟು, ವಿದುರನಿಗೆ ಇಷ್ಟು ಎಂದು ಗೊತ್ತುಮಾಡುವ ನಿಯಮವನ್ನು ಯಾರೂ ಬರೆದಿಟ್ಟಿಲ್ಲ. ಆದಕಾರಣ ಅಳಿಸುವುದೂ ಕಷ್ಟ.

ಮೀಸೆ ಹೊತ್ತ ನಾಗರತ್ನಮ್ಮ

ಕಷ್ಟವೆಂದರೂ, ಕರ್ನಾಟಕದಲ್ಲಿ ಅದನ್ನು ಅಳಿಸಹೊರಟವರು ಅಮೆರಿಕೆಯ ಆಟ ಹುಟ್ಟುವುದಕ್ಕೆ 16 ವರ್ಷ ಮೊದಲೇ ಇದ್ದರು. ಮೈಸೂರಿನ ಬಡ ಮನೆಯೊಂದರಲ್ಲಿ 1926ರಲ್ಲಿ ಹುಟ್ಟಿದ ಆರ್. ನಾಗರತ್ನಮ್ಮನವರು ಬಾಲ್ಯದಲ್ಲಿಯೇ ಬಣ್ಣ ಹಚ್ಚಿದವರು. ಹಿರಣ್ಣಯ್ಯನವರ ಮಿತ್ರಮಂಡಳಿ, ಗುಬ್ಬಿ ಕಂಪೆನಿ ಮೊದಲಾದ ಕಡೆ ಪಳಗಿದವರು. 1958ರಲ್ಲಿ ಅವರು ‘ಸ್ತ್ರೀ ನಾಟಕ ಮಂಡಳಿ’ಯನ್ನು ಕಟ್ಟಿದರು. ಹೆಸರೇ ಹೇಳುವಂತೆ ಅದರಲ್ಲಿ ವೇಷ ಹಾಕುವವರೆಲ್ಲ ಹೆಂಗಸರು. ಕೃಷ್ಣನೂ ಹೆಂಗಸು, ಅರ್ಜುನನೂ ಹೆಂಗಸು. ಕಂಸ, ರಾವಣ, ಭೀಮ, ದುರ್ಯೋಧನರಾಗಿ ಸ್ವತಃ ನಾಗರತ್ನಮ್ಮನವರು.

ಈ ಪಾತ್ರಗಳ ಆಯ್ಕೆಯನ್ನು ಗಮನಿಸಬೇಕು. ಹೆಂಗಸು ಗಂಡುವೇಷ ಹಾಕುವುದು ಅದುವರೆಗೆ ಇರಲೇ ಇಲ್ಲವೆಂದಲ್ಲ. ಬಾಲಕೃಷ್ಣ, ಪ್ರಹ್ಲಾದ, ಲವಕುಶರಂಥ ಕೋಮಲ ಪಾತ್ರಗಳಲ್ಲಿ ಹೆಣ್ಣುಮಕ್ಕಳನ್ನು ಜನ ಅಕ್ಕರೆಯಿಂದ ನೋಡುತ್ತಿದ್ದರು. ನಾಗರತ್ನಮ್ಮನವರು ಕೈಹಾಕಿದ್ದು ಪುರುಷಪಾತ್ರಗಳಲ್ಲಿ ಅತ್ಯಂತ ಗಡಸಾದವುಗಳಿಗೆ. ಕಂಸನ ಪಾತ್ರದಲ್ಲಿ ಅಟ್ಟಹಾಸವಿದೆ, ಭಯವಿದೆ, ತಂಗಿಯ ಮೇಲಣ ಪ್ರೀತಿ ದ್ವೇಷವಾಗಿ ತಿರುಗುವ ಘೋರವಿದೆ. ಅದಕ್ಕೆ ಎದೆಯಾಳದ ಕಂಠ ಬೇಕು, ರಂಗದ ಉದ್ದಗಲವನ್ನು ತುಂಬುವ ಹೆಜ್ಜೆ ಬೇಕು. ಪ್ರೇಕ್ಷಕನು ‘ಹೆಂಗಸಾಗಿಯೂ ಎಷ್ಟು ಚೆನ್ನಾಗಿ ಮಾಡಿದಳು’ ಎಂದರೆ ಅದು ಸೋಲೇ. ಅವನು ಕಂಸನನ್ನು ಕಂಡು ಬೆದರಬೇಕು. ನಾಗರತ್ನಮ್ಮನವರ ಗಂಡುಪಾತ್ರಗಳು ಅಂಥ ಕೀರ್ತಿಯನ್ನು ಗಳಿಸಿದವು. ಮಂಡಳಿಯು ದಶಕಗಳ ಕಾಲ ಊರೂರು ತಿರುಗಿತು. 1992ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ, ರಾಜ್ಯ ಸರ್ಕಾರದ ಗುಬ್ಬಿ ವೀರಣ್ಣ ಪ್ರಶಸ್ತಿ, 2012ರಲ್ಲಿ ಪದ್ಮಶ್ರೀ ಅವರನ್ನು ಅರಸಿ ಬಂದವು. ಅದೇ 2012ರ ಅಕ್ಟೋಬರಿನಲ್ಲಿ ಅವರು ಕಾಲವಾದರು.

ಜಪಾನಿನ ತಕರಜೂಕ ಎಂಬ ಊರಿನಲ್ಲಿಯೂ ಹೆಂಗಸರೇ ಎಲ್ಲ ಪಾತ್ರಗಳನ್ನೂ ವಹಿಸುವ ನಾಟಕ ಸಂಸ್ಥೆಯೊಂದಿದೆ. ಅದರ ಮೊದಲ ಪ್ರದರ್ಶನ ನಡೆದುದು 1914ರಲ್ಲಿ. ಅದನ್ನು ಸ್ಥಾಪಿಸಿದವನು ಒಂದು ರೈಲ್ವೆ ಕಂಪೆನಿಯ ಯಜಮಾನ. ಊರಿಗೆ ಪ್ರವಾಸಿಗಳು ಬರಲೆಂದು ಮಾಡಿದ ಯೋಜನೆ. ಮೈಸೂರಿನ ನಾಗರತ್ನಮ್ಮನವರಿಗೆ ರೈಲ್ವೆಯೂ ಇರಲಿಲ್ಲ, ಬಂಡವಾಳವೂ ಇರಲಿಲ್ಲ.

ವೀರಣ್ಣನವರ ಮನೆತನದಲ್ಲಿಯೂ ಹೆಣ್ಣಿನ ಕೈಗೆ ಸೂತ್ರ ಬಂದಿತು. ಮಾಲತಮ್ಮನವರ ಮಗಳು ಬಿ. ಜಯಶ್ರೀಯವರು ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು, 1976ರಲ್ಲಿ ‘ಸ್ಪಂದನ’ ತಂಡವನ್ನು ಕಟ್ಟಿ, ನಟಿಯಾಗಿಯಷ್ಟೇ ಅಲ್ಲದೆ ನಿರ್ದೇಶಕಿಯಾಗಿ ಹೆಸರಾದರು. 2010ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು. 2013ರಲ್ಲಿ ಪದ್ಮಶ್ರೀ ಪಡೆದರು. ಪಾತ್ರ ಪಡೆಯುವವಳು ಪಾತ್ರ ಹಂಚುವವಳಾದಳೆಂಬುದೇ ಇಲ್ಲಿ ಮುಖ್ಯವಾದ ಸಂಗತಿ.

ಜಗಲಿಯ ಮೇಲೆ ಮತ್ತೆ

ಈ ನಡುವೆ ಹಳೆಯ ಮೈಸೂರು ಸೀಮೆಯಲ್ಲಿ ಹೆಂಗಸರೇ ಸೇರಿ ಕುರುಕ್ಷೇತ್ರವಾಡುವ ರೂಢಿ ಮೆಲ್ಲನೆ ಬೆಳೆಯುತ್ತಿದೆ. ಗೃಹಿಣಿಯರು, ಶಿಕ್ಷಕಿಯರು, ಅಂಗನವಾಡಿಯ ಕಾರ್ಯಕರ್ತೆಯರಂಥವರು ಮೇಷ್ಟ್ರನ್ನು ಗೊತ್ತುಮಾಡಿಕೊಂಡು, ತಿಂಗಳುಗಟ್ಟಲೆ ಅಭ್ಯಾಸ ಮಾಡಿ ರಂಗವೇರುತ್ತಾರೆ. ಗಂಡಸರ ತಂಡಕ್ಕೆ ಊಟದ ಅನಂತರ ಬಿಡುವು. ಇವರಿಗೆ ಊಟ ಬಡಿಸಿ, ಪಾತ್ರೆ ತೊಳೆದು, ಮಕ್ಕಳನ್ನು ಮಲಗಿಸಿದ ಮೇಲೆ ಬಿಡುವು. ಆದುದರಿಂದ ಅಭ್ಯಾಸಕ್ಕೆ ಮಧ್ಯಾಹ್ನದ ಹೊತ್ತನ್ನು ಆರಿಸಿಕೊಳ್ಳುವುದೇ ಅನುಕೂಲ.

ಇಲ್ಲೊಂದು ಪ್ರಶ್ನೆಯನ್ನು ಕೇಳದೆ ಬಿಡಲಾಗದು. ಹೆಂಗಸರಿಗೂ ಗದೆಯೇ ಬೇಕೆ? ದ್ರೌಪದಿಯೇನು ಸಣ್ಣ ಪಾತ್ರವೆ? ಸಭೆಯಲ್ಲಿ ಭೀಷ್ಮದ್ರೋಣರು ತಲೆತಗ್ಗಿಸಿ ಕುಳಿತಾಗ ಪ್ರಶ್ನೆ ಕೇಳಿದವಳು ಅವಳೊಬ್ಬಳೇ. ತನ್ನನ್ನು ತಾನು ಸೋತ ಗಂಡನಿಗೆ ಹೆಂಡತಿಯನ್ನು ಪಣವಿಡುವ ಅಧಿಕಾರವೆಲ್ಲಿಯದು ಎಂಬ ಆ ಪ್ರಶ್ನೆಗೆ ಸಭೆಯಲ್ಲಿ ಸರಿಯಾದ ಉತ್ತರ ಬರಲಿಲ್ಲ. ಅವಳು ಮುಡಿ ಬಿಚ್ಚಿದುದರಿಂದಲೇ ಹದಿನೆಂಟು ಅಕ್ಷೋಹಿಣಿ ಸೇನೆ ಮಣ್ಣು ಮುಕ್ಕಿತೆಂದು ಜನರ ನಂಬಿಕೆ. ಆದರೂ ಹಳ್ಳಿಯ ನಾಟಕದಲ್ಲಿ ಅವಳಿಗೆ ಸಿಗುವ ಹೊತ್ತು ಭೀಮದುರ್ಯೋಧನರ ಗದಾಯುದ್ಧಕ್ಕೆ ಸಿಗುವುದಕ್ಕಿಂತ ಕಡಿಮೆ. ಚಂದಾ ಕೊಟ್ಟವರು ತಮ್ಮ ತಮ್ಮ ಪದ್ಯಗಳನ್ನು ಹಾಡಿ ಮುಗಿಸಬೇಕಲ್ಲ! ಹೊತ್ತು ಮೀರಿತೆಂದರೆ ಮೊದಲು ಕತ್ತರಿ ಬೀಳುವುದು ಸಂಬಳಕ್ಕೆ ಬಂದವಳ ಹಾಡಿಗೆ. ಪಾತ್ರದ ಹಿರಿಮೆ ವ್ಯಾಸರು ಬರೆದುದರಿಂದ ನಿರ್ಣಯವಾಗುತ್ತದೆಯೆಂದು ತಿಳಿಯುವವರು ಒಮ್ಮೆ ಈ ಕತ್ತರಿಯನ್ನು ನೋಡಬೇಕು.

ಊರಿನ ಹೆಣ್ಣುಮಗಳೊಬ್ಬಳು ತಾನೇ ಚಂದಾ ಕೊಟ್ಟು ದ್ರೌಪದಿಯಾದರೆ ಆ ಕತ್ತರಿ ಅಷ್ಟು ಸಲೀಸಾಗಿ ಆಡಲಾರದು. ಅತ್ತ ಸಂಬಳದ ನಟಿಯ ಬದುಕೂ ಇದರೊಡನೆ ತೊಡಕು ಹಾಕಿಕೊಂಡಿದೆ. ಊರವರೇ ದ್ರೌಪದಿಯರಾದರೆ ಅವಳ ಸುಗ್ಗಿಯ ಸಂಪಾದನೆಗೆ ಏನು ಗತಿ? ಕಂಪೆನಿಗಳು ಮುಚ್ಚಿಹೋದ ಮೇಲೆ ವೃತ್ತಿನಟಿಯರನೇಕರಿಗೆ ಉಳಿದುದು ಈ ಹಳ್ಳಿಯ ನಾಟಕಗಳೇ. ಹೆಂಗಸರ ತಂಡಗಳು ನುರಿತ ನಟಿಯರನ್ನು ಬರಿಯ ದ್ರೌಪದಿಗೆಂದು ಕರೆಯದೆ, ಕಲಿಸುವ ಮೇಷ್ಟ್ರನ್ನಾಗಿ ಕರೆದರೆ ಇಬ್ಬರಿಗೂ ಲಾಭವಾದೀತು. ನೂರಾರು ಭೀಮರಿಗೆ ಮಾತು ಹೇಳಿಕೊಟ್ಟವಳಿಗೆ ಭೀಮನ ಪಾತ್ರ ತಿಳಿಯದೆ ಇದ್ದೀತೆ?

ಸದ್ಯಕ್ಕಂತೂ ಅವರ ಮುಂದಿರುವ ತೊಡಕು ಇನ್ನೂ ಚಿಕ್ಕದು. ಬಾಡಿಗೆಯ ವೇಷದ ಅಂಗಡಿಗಳಲ್ಲಿರುವ ಕಿರೀಟ, ಎದೆಪದಕ, ಭುಜಕೀರ್ತಿಗಳೆಲ್ಲ ಗಂಡಾಳಿನ ಅಳತೆಗೆ ಮಾಡಿದವು. ದುರ್ಯೋಧನನ ಕಿರೀಟ ಹಣೆಯ ಮೇಲೆ ಜಾರದಂತೆ ಒಳಗೆ ಹಳೆಯ ಸೀರೆಯ ತುಂಡನ್ನು ಸುತ್ತಿ, ಕಿವಿಯ ಹಿಂದೆ ದಾರ ಬಿಗಿದು, ಮೇಕಪ್ಪಿನವನು ಮೀಸೆ ಅಂಟಿಸುವವರೆಗೆ ನಗದೆ ಕುಳಿತಿರಬೇಕು.